ಖಾಲಿ ಕುರ್ಚಿಯ ನೌಕಾಪಡೆ

ಜೂನ್ ೩

ಅಪ್ಪಾ,

ನಿಂತಿದ್ದರೆ ಮೊದಲು ಕುಳಿತುಕೊ, ಸುದ್ದಿ ಅಂಥದ್ದು. ನನ್ನ ಆಟವನ್ನು ನಮ್ಮ ಆಟಿಕೆ ಕಂಪನಿಯ ಯಜಮಾನಿ ಆಡಿದರು!

ಬಣ್ಣದ ಕೋಣೆಯಲ್ಲಿ ಮರದ ಬಾತುಕೋಳಿಗಳಿಗೆ ಕಣ್ಣು ಬರೆಯುತ್ತಾ ಕುಳಿತಿದ್ದೆ. ಯಜಮಾನಿ ತಾವಾಗಿಯೇ ಬಂದು, "ನೀನೇನೋ ಆಟ ಕಟ್ಟಿದ್ದೀಯಂತಲ್ಲ, ತಗೊಂಡು ಬಾ" ಅಂದರು. ಕೈಗೆ ಅಂಟಿದ ಕಪ್ಪು ಬಣ್ಣ ತೊಳೆಯುವುದಕ್ಕೂ ಬಿಡಲಿಲ್ಲ. ನನ್ನ ರಟ್ಟಿನ ಭೂಪಟವನ್ನು ಅವರ ಮೇಜಿನ ಮೇಲೆ ಹಾಸಿದೆ. ಎಲ್ಲೂ ಇಲ್ಲದ ನಾಲ್ಕು ದೊಡ್ಡ ದೇಶ, ಮೂಲೆಮೂಲೆಗೆ ಯಾರೂ ಆಡದ ಸಣ್ಣ ದೇಶಗಳು, ಸೈನ್ಯಕ್ಕೆ ಅಂಗಿ ಗುಂಡಿಗಳು, ನೌಕಾಪಡೆಗೆ ನಾನೇ ಕೆತ್ತಿದ ಮರದ ಹಡಗುಗಳು. ಎಲ್ಲ ನಿನಗೆ ಗೊತ್ತಿರುವುದೇ. ಇಬ್ಬರು ಗುಮಾಸ್ತರನ್ನು ಕೂರಿಸಿಕೊಂಡು ಒಂದು ಪೂರ್ತಿ ಆಟ ಆಡಿದರು. 

ಆಮೇಲೆ ಕನ್ನಡಕ ತೆಗೆದು ಹೇಳಿದರು: "ಆಟ ಚೆನ್ನಾಗಿದೆ ಕಣಮ್ಮ. ಆದ್ರೆ ಪೆಟ್ಟಿಗೆ ಮೇಲೆ 'ಮಹಾಶಕ್ತಿ' ಅಂತ ಬರ್ದಿದ್ದೀಯ, ಒಳಗಡೆ ಇರೋದು ಬೀದಿ ರೌಡಿ. ಅಕ್ಕಪಕ್ಕದವರನ್ನ ಬಡಿದು ಅವರ ಜಾಗ ಕಿತ್ಕೊಂಡೋನು ಗೆದ್ದ. ಅಷ್ಟೇ ತಾನೆ? ತನ್ನ ಬೀದೀಲಿ ಹೆದರಿಸೋನು ಬೇರೆ, ಇಡೀ ಲೋಕ ಲೆಕ್ಕಕ್ಕೆ ತಗೊಳ್ಳೋನು ಬೇರೆ. ಆ ವ್ಯತ್ಯಾಸ ನಿನ್ನ ಆಟದಲ್ಲಿ ಎಲ್ಲಿದೆ, ತೋರ್ಸು."

ತೋರಿಸಲು ಏನಿತ್ತು? ರಟ್ಟನ್ನು ಮಡಚಿ ಕಂಕುಳಿಗೆ ಸಿಕ್ಕಿಸಿಕೊಂಡೆ. 

ಸೆಪ್ಟೆಂಬರ್ ಕೊನೆಗೆ ಆಟಿಕೆಗಳ ದೊಡ್ಡ ಪ್ರದರ್ಶನವಿದೆ. ಅಷ್ಟರೊಳಗೆ ಆ ವ್ಯತ್ಯಾಸ ಕಂಡುಹಿಡಿದರೆ ಆಟ ಅಲ್ಲಿ ಬಿಡುಗಡೆ, ನನಗೆ ಹೊಸ ಆಟ ಕಟ್ಟುವವರ ಕೋಣೆಯಲ್ಲಿ ಮೇಜು. ಇಲ್ಲದಿದ್ದರೆ ನಾನೂ ಬಾತುಕೋಳಿಗಳೂ ಒಬ್ಬರನ್ನೊಬ್ಬರು ನೋಡಿಕೊಂಡೇ ಮುದುಕರಾಗಬೇಕು.

ಈಗ ಪ್ರತಿ ಭಾನುವಾರ ಊಟದ ಮೇಜಿನ ಮೇಲೆ ಪರೀಕ್ಷೆಯ ಆಟ. ಅಮ್ಮ ಹಳದಿ ದೇಶ, ಚಿಕ್ಕಪ್ಪ ಹಸಿರು, ನಾನು ಕೆಂಪು. ನೀಲಿ ದ್ವೀಪ ನಿನ್ನದು. ನಿನ್ನ ಕುರ್ಚಿಯನ್ನು ಖಾಲಿ ಬಿಟ್ಟಿದ್ದೇವೆ, ನೀನು ಕಾಗದದಲ್ಲೇ ಆಡು. ಫೋನಿನ ಮಾತು ಎತ್ತಬೇಡ. ಆ ಬಂದರಿನ ಕಚೇರಿಯಲ್ಲಿ ಇರುವ ಒಂದೇ ಫೋನಿಗೆ ನಿನ್ನ ಹಿಂದೆ ಸಾಲು ನಿಂತಿರುತ್ತದೆ. "ಆರೋಗ್ಯನಾ, ಊಟ ಆಯ್ತಾ" ಅನ್ನುವಷ್ಟರಲ್ಲಿ ಯಾರೋ ಕೆಮ್ಮುತ್ತಾರೆ. ನಿಯಮ ಒಂದೇ: ನಿನ್ನ ಕಾಗದ ಬರದ ವಾರ ನಿನ್ನ ಹಡಗುಗಳು ಇದ್ದಲ್ಲೇ ಇರುತ್ತವೆ.

ಯೋಚಿಸಿ ಬರೆ. ಊರೂರ ಬಂದರಿನ ಹೂಳೆತ್ತಿದವನು ನೀನು. ದೊಡ್ಡ ದೇಶ ಅಂದರೆ ಏನು ಅಂತ ನಿನಗೆ ಗೊತ್ತಿರಲೇಬೇಕು.

ನಿನ್ನ
ಪಟಾಕಿ


ಜೂನ್ ೨೨

ಪ್ರೀತಿಯ ಪಟಾಕಿ,

ನಿನ್ನ ಕಾಗದ ಓದಿ ಪಕ್ಕದ ಮಂಚದ ಕ್ರೇನ್ ಡ್ರೈವರಿಗೆ ಕೈಕುಲುಕಿದೆ. ಯಾಕೆ ಅಂತ ಗೊತ್ತಿಲ್ಲದಿದ್ದರೂ ಅವನೂ ಜೋರಾಗಿ ಕುಲುಕಿದ.

ದೊಡ್ಡ ದೇಶ ಅಂದರೆ ಏನು ಅಂತ ಕಲಿತವರು ಪುಸ್ತಕಗಟ್ಟಲೆ ಬರೆದಿರುತ್ತಾರೆ. ನಾನು ನಮ್ಮ ಹೂಳೆತ್ತುವ ಡ್ರೆಡ್ಜರಿನ ಮೇಲಿಂದ ಕಂಡದ್ದನ್ನು ಹೇಳುತ್ತೇನೆ. ಹೋದ ತಿಂಗಳು ಇಲ್ಲಿಗೆ ಎರಡು ಯುದ್ಧನೌಕೆ ಬಂದವು. ಮೊದಲನೆಯದು ಪಕ್ಕದ ದೇಶದ್ದು. ಈ ಕರಾವಳಿಯಲ್ಲೆಲ್ಲ ಅವರದೇ ದರ್ಬಾರು. ಆದರೆ ಎಣ್ಣೆ ಮುಗಿಯುತ್ತಾ ಬಂದಿತ್ತು, ಒಳಗೆ ಬರಲು ಅಪ್ಪಣೆ ಕೇಳಿ ಹೊರಗೆ ಕಾದು ನಿಂತಿತು. ಎರಡನೆಯದು ಭೂಮಿಯ ಆ ಮಗ್ಗುಲಿನ ದೇಶದ್ದು. ನಮ್ಮ ಬಂದರಿನ ಮುಖ್ಯಸ್ಥ ಇಸ್ತ್ರಿ ಮಾಡಿದ ಸಮವಸ್ತ್ರ ಹಾಕಿಕೊಂಡು, ಮೀಸೆ ತಿದ್ದಿಕೊಂಡು ದಡದಲ್ಲಿ ನಿಂತ. ಅದು ಒಳಗೆ ಬರಲೇ ಇಲ್ಲ! ಅವರದೇ ಎಣ್ಣೆಯ ಹಡಗು ಪಕ್ಕಕ್ಕೆ ಬಂತು, ಎರಡೂ ಜೊತೆಜೊತೆಗೆ ಓಡುತ್ತಲೇ ಕೊಳವೆ ಹಾಕಿ ತುಂಬಿಸಿಕೊಂಡು ಹೊರಟುಹೋದವು. ಮುಖ್ಯಸ್ಥ ಸಂಜೆಯವರೆಗೂ ಸಿಕ್ಕಸಿಕ್ಕವರನ್ನೆಲ್ಲ ಬೈದ.

ಇನ್ನೊಂದು. ನಾನು ತಿರುಗಿಸುವ ಬೋಲ್ಟು, ನಟ್ಟು ಎಲ್ಲ ಅವರ ಅಳತೆಯವು. ನಮ್ಮ ಡ್ರೆಡ್ಜರಿನಲ್ಲಿ ಅವರವನು ಒಬ್ಬನೂ ಇಲ್ಲ, ಆದರೂ ನನ್ನ ಸ್ಪ್ಯಾನರ್ ಅವರ ಮಾತು ಕೇಳುತ್ತದೆ. ಇದು ನಿನ್ನ ಆಟಕ್ಕೆ ಬೇಕಾಗಬಹುದು.

ನನ್ನ ನಡೆ: ನೀಲಿ ಹಡಗುಗಳನ್ನೆಲ್ಲ ಭೂಪಟದ ನಡುವಿನ ಜಲಸಂಧಿಗೆ ಕಳಿಸು. ಹೌದು, ಅಮ್ಮನ ದೇಶದ ಬಾಗಿಲಿಗೇ. ನೋಡೋಣ ಏನು ಮಾಡುತ್ತಾಳೆ.

ಇಲ್ಲಿಯ ಕೆಲಸ ಅಕ್ಟೋಬರಿಗೆ ಮುಗಿಯುತ್ತದೆ. ಇನ್ನೂ ದೂರದ ಒಂದು ಬಂದರಿಗೆ ಮೂರು ವರ್ಷಕ್ಕೆ ಬಾ ಅಂತ ಕಂಪನಿಯವರು ಕೇಳುತ್ತಿದ್ದಾರೆ. ಅದನ್ನು ಆಮೇಲೆ ಬರೆಯುತ್ತೇನೆ. ಮೊದಲು ಆಟ.

ಇತಿ,
ಅಪ್ಪ


ಜುಲೈ ೧೨

ಅಪ್ಪಾ,

ನಿನ್ನ ಕಾಗದ ಓದಿ ಅಡುಗೆಮನೆಯಲ್ಲೇ ಕುಣಿದೆ. ಎಣ್ಣೆ! ಅಳತೆ! ಎರಡನ್ನೂ ಆ ದಿನವೇ ಆಟಕ್ಕೆ ಸೇರಿಸಿದೆ. ಈಗ ತನ್ನ ನೀರು ದಾಟಿ ಹೋದ ಹಡಗಿಗೆ ಯಾರಾದರೂ ಬಂದರು ತೆರೆಯಬೇಕು, ಇಲ್ಲವೇ ಅದರ ಬೆನ್ನಿಗೆ ಸ್ವಂತ ಎಣ್ಣೆ ಹಡಗು ಇರಬೇಕು. ಬೇರೆ ದೇಶದವರು ನಿನ್ನ ಅಳತೆಗೆ ಕಾರ್ಖಾನೆ ಕಟ್ಟಿದರೆ ಸುತ್ತಿಗೊಂದು ಗುಂಡಿ ನಿನಗೆ ಪುಕ್ಕಟೆ.

ನಿನ್ನ ಹಡಗುಗಳನ್ನು ಜಲಸಂಧಿಯಲ್ಲಿ ಇಟ್ಟಾಗ ಅಮ್ಮನ ಮುಖ ನೋಡಬೇಕಿತ್ತು. ರೋಗಿಯ ಹಲ್ಲಿಗೆ ಇಕ್ಕಳ ಹಾಕುವ ಮುಂಚೆ ಮಾಡುತ್ತಾಳಲ್ಲ, ಆ ಮುಖ. "ಮನೆಗೆ ಬರೋದು ಬಿಟ್ಟು ಜಲಸಂಧಿಗೆ ಬಂದ್ರಾ ಇವರು?" ಅಂದಳು. ನಾನೂ ಚಿಕ್ಕಪ್ಪನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಚಿಕ್ಕಪ್ಪ ಡ್ರೈವಿಂಗ್ ಶಾಲೆಯಲ್ಲಿ ಕಲಿಸುವಾಗ ಹೇಗೋ ಇಲ್ಲೂ ಹಾಗೆಯೇ. ಬೇರೆಯವರ ನಡೆಗೆ ಕಾಲಿನಲ್ಲಿ ಬ್ರೇಕ್ ಒತ್ತುತ್ತಾನೆ.

ಯಜಮಾನಿಗೆ ತೋರಿಸಿದೆ. "ಈಗ ಪೆಟ್ರೋಲ್ ತುಂಬಿಸ್ಕೊಂಡಿರೋ ರೌಡಿ" ಅಂದರು. ಅಂದರೆ ಇನ್ನೂ ಸಿಕ್ಕಿಲ್ಲ. ಸಿಗುತ್ತದೆ! ಹತ್ತಿರದಲ್ಲೇ ಎಲ್ಲೋ ಇದೆ, ವಾಸನೆ ಬರುತ್ತಿದೆ. ಮುಂದಿನ ನಡೆ ಬೇಗ ಕಳಿಸು.

ಮೂರು ವರ್ಷದ ಮಾತನ್ನೂ ಅಮ್ಮನಿಗೆ ಓದಿ ಹೇಳಿದೆ. ಏನೂ ಅನ್ನಲಿಲ್ಲ. ಬಿಡದೆ ಕರೆಯುತ್ತಾರೆ ಅಂದರೆ ನೀನು ದೊಡ್ಡ ಮನುಷ್ಯ ಅಂತಲೇ ಅಲ್ಲವಾ?

ಪಟಾಕಿ


ಆಗಸ್ಟ್ ೨

ಅಪ್ಪಾ ಅಪ್ಪಾ ಅಪ್ಪಾ,

ಸಿಕ್ಕಿತು! ಅಕ್ಷರ ಓಡುತ್ತಿದ್ದರೆ ಬೈಯಬೇಡ.

ಅಂಚೆಯವರ ಮುಷ್ಕರದಿಂದ ನಿನ್ನ ಕಾಗದ ಬರಲಿಲ್ಲ. ನಿಯಮದ ಪ್ರಕಾರ ನಿನ್ನ ಹಡಗುಗಳು ಜಲಸಂಧಿಯಲ್ಲೇ ನಿಂತಿವೆ. ಒಂದು ಭಾನುವಾರ ಆಯಿತು, ಇನ್ನೊಂದು ಆಯಿತು. ನೀನು ಬೆರಳನ್ನೂ ಎತ್ತಿಲ್ಲ. ಆದರೆ ಇಲ್ಲಿ ಏನಾಗುತ್ತಿದೆ ಗೊತ್ತಾ? ಚಿಕ್ಕಪ್ಪನ ಬಳಿ ನಿನಗಿಂತ ಹೆಚ್ಚು ಹಡಗುಗಳಿವೆ, ಜಲಸಂಧಿ ದಾಟಿದರೆ ನನ್ನ ರಾಜಧಾನಿ ಅವನದು. ದಾಟುವುದಿಲ್ಲ! ಕೈ ಮುಂದೆ ಮಾಡುತ್ತಾನೆ, ನಿನ್ನ ಖಾಲಿ ಕುರ್ಚಿಯ ಕಡೆ ನೋಡುತ್ತಾನೆ, ಕೈ ಹಿಂದೆ ತೆಗೆದುಕೊಳ್ಳುತ್ತಾನೆ.

"ಅಣ್ಣ ಸುಮ್ನೆ ಇದ್ದಾನೆ ಅಂದ್ರೆ ಏನೋ ಮಸಲತ್ತು ಮಾಡ್ತಿದ್ದಾನೆ," ಅಂದ.

"ನಾಳೆ ಕಾಗದ ಬಂದುಬಿಟ್ರೆ ಏನು ಗತಿ?" ಅಂತ ಅಮ್ಮ.

ನಾನು ಕೂಡ, ಆಟ ಕಟ್ಟಿದವಳು, ಉತ್ತರದ ಕಡೆಗೆ ಒಂದು ಗುಂಡಿ ಸರಿಸುವಾಗಲೂ "ಅಪ್ಪ ಏನಂತಾನೋ" ಅಂತ ಯೋಚಿಸುತ್ತೇನೆ. ನಿನ್ನ ಹಡಗಿಗೂ ಆ ಮೂಲೆಗೂ ಸಂಬಂಧವೇ ಇಲ್ಲ!

ಅಮ್ಮನಿಗೆ ಅವಳ ಗಡಿಯಲ್ಲಿ ಎಲ್ಲರೂ ಹೆದರುತ್ತಾರೆ, ಯಾಕೆಂದರೆ ಎದುರಿಗೇ ಕುಳಿತು ಕಣ್ಣು ಬಿಡುತ್ತಾಳೆ. ನಿನ್ನನ್ನಾದರೆ ನೀನು ಕಾಣದ ಜಾಗದಲ್ಲೂ ಲೆಕ್ಕಕ್ಕೆ ಹಿಡಿಯುತ್ತಾರೆ. ಯಾವ ಮೇಜಿಗೆ ನೀನು ಬರಲೇ ಇಲ್ಲವೋ ಆ ಮೇಜಿನಲ್ಲೂ ನಿನಗೊಂದು ಕುರ್ಚಿ. ಇದೇ ಅಪ್ಪಾ ವ್ಯತ್ಯಾಸ! ಯಜಮಾನಿ ಕೇಳಿದ್ದು ಇದನ್ನೇ! ನಾಲ್ಕು ದಿನದಿಂದ ನೆಲಕ್ಕೆ ಕಾಲು ಊರಿಲ್ಲ.

ಇದನ್ನು ನಿಯಮವಾಗಿ ಹೇಗೆ ಬರೆಯುವುದು ಅನ್ನುವುದು ಮಾತ್ರ ಹೊಳೆಯುತ್ತಿಲ್ಲ. ನೀನು ಏನು ಮಸಲತ್ತು ಮಾಡಿದ್ದೀಯ, ಬೇಗ ಬರೆ.

ನಿನ್ನ
ಪಟಾಕಿ


ಜುಲೈ ೬ (ಮನೆಗೆ ತಲುಪಿದ್ದು ಆಗಸ್ಟ್ ೧೦)

ಪ್ರೀತಿಯ ಪಟಾಕಿ,

ಇದು ನನ್ನ ಎರಡನೆಯ ನಡೆ. ಓದಿ ಬೇಜಾರಾಗಬೇಡ.

ಈ ವಾರ ಹೂಳು ಎಳೆಯುವ ಪಂಪು ಕೆಟ್ಟು ನಿಂತಿತ್ತು, ಕೆಲಸವಿಲ್ಲದೆ ನಿನ್ನ ಭೂಪಟವನ್ನೇ ಯೋಚಿಸುತ್ತಾ ಕುಳಿತೆ. ನನ್ನ ಹಡಗುಗಳು ಆ ಜಲಸಂಧಿಯಲ್ಲಿ ಏನು ಮಾಡುತ್ತಿವೆ? ಅದರ ಮೇಲಿರುವ ಜನ ಬೆಳಗ್ಗೆ ಎದ್ದು ಏನನ್ನು ನೋಡುತ್ತಾರೆ? ನೀರು. ಮಾರನೆಯ ದಿನವೂ ನೀರು. ಯಾರ ಹುಟ್ಟಿದ ದಿನ, ಯಾರಿಗೆ ಜ್ವರ, ಎಲ್ಲ ಮುಗಿದ ಮೇಲೆ ಗೊತ್ತಾಗುತ್ತದೆ.

ನನ್ನ ಕೈಲಿ ಅಷ್ಟು ದೂರ ಹಿಡಿದುಕೊಂಡಿರಲು ಆಗುವುದಿಲ್ಲಮ್ಮ. ನೀಲಿ ದೇಶ ಸೋತಿತು ಅಂತ ಬರೆದುಕೊ. ಹಡಗುಗಳನ್ನು ಅಮ್ಮನಿಗೆ ಕೊಟ್ಟುಬಿಡು.

ಆಟ ಚೆನ್ನಾಗಿದೆ. ತಪ್ಪು ಆಟದ್ದಲ್ಲ.

ಇತಿ,
ಅಪ್ಪ


ಆಗಸ್ಟ್ ೧೬

ಅಪ್ಪಾ,

ನೀನು ಮೊದಲೇ ಸೋತಿದ್ದೆಯಾ! ಅಷ್ಟು ಭಾನುವಾರ ನಾವು ಬಾಲ ಮುದುರಿಕೊಂಡು ಕುಳಿತಿದ್ದು ಶರಣಾದ ದೇಶಕ್ಕೆ ಹೆದರಿ!

ನಿನ್ನ ಕಾಗದವನ್ನು ಮೇಜಿನ ಮೇಲೇ ಗಟ್ಟಿಯಾಗಿ ಓದಿದೆ. ಚಿಕ್ಕಪ್ಪ ಎದ್ದು ನಿಂತು, "ಅಯ್ಯೋ ನನ್ನ ಕರ್ಮವೇ! ಖಾಲಿ ಕುರ್ಚಿಗೆ ಹೆದರಿ ನನ್ನ ದೇಶ ಹಾಳು ಮಾಡ್ಕೊಂಡ್ನಲ್ಲೇ!" ಅಂತ ಕೂಗಾಡಿದ. ಆಮೇಲಿನ ಒಂದು ಗಂಟೆಯಲ್ಲಿ ಏನೇನಾಯಿತು ಅಂತೀಯ! ಯಾರೂ ಮುಟ್ಟದೆ ಇಟ್ಟಿದ್ದ ಮೂಲೆಗಳಿಗೆಲ್ಲ ಎಲ್ಲರೂ ನುಗ್ಗಿದರು. ನನ್ನ ರಾಜಧಾನಿಯೂ ಹೋಯಿತು. ನಗುನಗುತ್ತಾ ಕಳೆದುಕೊಂಡೆ, ಯಾಕೆಂದರೆ ಆ ಗದ್ದಲದ ಮಧ್ಯೆ ನಿಯಮ ಹೊಳೆಯಿತು.

ಮಾತಿನ ಬಿಲ್ಲೆ! ಪ್ರತಿ ದೇಶಕ್ಕೂ ಕೆಲವು ಮರದ ಬಿಲ್ಲೆ. ಅದನ್ನು ಎಲ್ಲೋ ದೂರದ ಸಣ್ಣ ದೇಶಕ್ಕೆ ಕೊಡುತ್ತೀಯ. "ನಿನ್ನ ತಂಟೆಗೆ ಯಾರಾದರೂ ಬಂದರೆ ನಾನು ಬರುತ್ತೇನೆ" ಅಂತ ಅದರ ಅರ್ಥ. ಪಕ್ಕದವರಿಗೆ ಎಷ್ಟು ಬಿಲ್ಲೆ ಕೊಟ್ಟರೂ ನೀನು ಪ್ರಾಂತ್ಯದ ಯಜಮಾನನೇ. ಭೂಪಟದ ನಾಲ್ಕೂ ಮೂಲೆಯಲ್ಲಿ ನಿನ್ನ ಬಿಲ್ಲೆ ಇದ್ದು, ಅದನ್ನು ಮುಟ್ಟಲು ಯಾರೂ ಧೈರ್ಯ ಮಾಡದಿದ್ದರೆ ಮಾತ್ರ ಮಹಾಶಕ್ತಿ. ಒಂದು ಕಡೆ ಕೊಟ್ಟ ಮಾತಿಗೆ ಹೋಗದೆ ಕುಳಿತೆಯೋ, ಲೋಕದಲ್ಲಿರುವ ನಿನ್ನ ಬಿಲ್ಲೆಗಳೆಲ್ಲ ಅವತ್ತೇ ಸೌದೆ.

ಯಜಮಾನಿ ಮೇಜು ಗುದ್ದಿ, "ಬಂತು ನೋಡು!" ಅಂದರು. ಗುಮಾಸ್ತರ ಟೀ ಚೆಲ್ಲಿತು. ಆದರೆ ಈಗ ಬೇರೆ ತೊಂದರೆ ಎದ್ದಿದೆ. ಒಮ್ಮೆ ಒಬ್ಬರು ಮಹಾಶಕ್ತಿ ಆದರೆ ಮುಗಿಯಿತು, ಬೀಳುವುದೇ ಇಲ್ಲ. ಮೊನ್ನೆ ಕಂಪನಿಯಲ್ಲಿ ಆಡಿದ ಆಟ ಎಷ್ಟು ಎಳೆಯಿತೆಂದರೆ ಎಲ್ಲರೂ ಕೊನೆಯ ಬಸ್ಸು ತಪ್ಪಿಸಿಕೊಂಡರು. "ದೊಡ್ಡವರು ಬೀಳೋದು ಹೇಗೆ ಅಂತನೂ ಹೇಳು. ಇಲ್ದಿದ್ರೆ ಪ್ರದರ್ಶನಕ್ಕೆ ಇಡಲ್ಲ," ಅಂದಿದ್ದಾರೆ. ದಿನ ಓಡುತ್ತಿವೆ ಅಪ್ಪಾ. ಹೇಗೆ ಬೀಳುತ್ತಾರೆ?

ಅಮ್ಮ ಮಾತ್ರ ನಗಲಿಲ್ಲ. ನಿನ್ನ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಮತ್ತೊಮ್ಮೆ ಓದಿದಳು. ಆಮೇಲೆ ಮುಂದಿನ ಕೋಣೆಯ ಕ್ಲಿನಿಕ್ಕಿಗೆ ಹೋಗಿ, ತೊಳೆದಿಟ್ಟ ಉಪಕರಣಗಳನ್ನೇ ಇನ್ನೊಂದು ಸಲ ತೊಳೆದಳು. ನೀನು ಅವಳಿಗೆ ಕೊಟ್ಟ ಹಡಗುಗಳು ಮೇಜಿನ ಮೇಲೇ ಬಿದ್ದಿದ್ದವು.

ಪಟಾಕಿ


ಆಗಸ್ಟ್ ೨೮

ಪ್ರೀತಿಯ ಪಟಾಕಿ,

ನಿನ್ನ ಕಾಗದಗಳೆಲ್ಲ ಒಟ್ಟಿಗೆ ಬಂದವು. ಸೋತ ಮೇಲೆ ಇಷ್ಟು ದಿನ ಲೋಕ ಆಳಿದವನು ಇನ್ನೊಬ್ಬನಿರಲಾರ. ಕ್ರೇನ್ ಡ್ರೈವರಿಗೆ ಹೇಳಿದೆ, ಅವನು ನಕ್ಕು ನಕ್ಕು ಮಂಚದಿಂದ ಕೆಳಗೆ ಬಿದ್ದ.

ಬಿಲ್ಲೆಯ ನಿಯಮ ಎಷ್ಟು ಚೆನ್ನಾಗಿದೆ! ನನ್ನ ಮಗಳು ಅಂತ ಇಡೀ ಬಂದರಿಗೆ ಹೇಳಿಕೊಂಡು ಬಂದೆ. ದೊಡ್ಡವರು ಹೇಗೆ ಬೀಳುತ್ತಾರೆ ಅಂತ ಕೇಳಿದ್ದೀಯ. ಹೊರಗಿನವರು ಬೀಳಿಸಿದ್ದನ್ನು ನಾನು ನೋಡಿಲ್ಲ. ಅದಕ್ಕಿಂತ ಹೆಚ್ಚು ನನಗೆ ಹೊಳೆಯುತ್ತಿಲ್ಲ.

ದೂರದ ಬಂದರಿನ ನಕ್ಷೆ ತೋರಿಸಿದರು. ಸೆಪ್ಟೆಂಬರ್ ಕೊನೆಗೆ ಉತ್ತರ ಹೇಳಬೇಕು. ಕೆಲಸ ದೊಡ್ಡದು, ಹೆಸರು ಬರುತ್ತದೆ. ಬೇಡ ಅನ್ನಲು ಅವರಿಗೆ ಹೇಳುವಂಥ ಕಾರಣ ನನ್ನ ಬಳಿ ಇಲ್ಲ.

ನನ್ನ ಜುಲೈ ಕಾಗದ ಓದಿ ಅಮ್ಮ ಏನಂದಳು? ಏನೂ ಅನ್ನಲಿಲ್ಲ ಅಂತ ಮಾತ್ರ ಬರೆಯಬೇಡ.

ಇತಿ,
ಅಪ್ಪ


ಸೆಪ್ಟೆಂಬರ್ ೧೩

ರೀ,

ಏನಂದಳು ಅಂತ ಮಗಳನ್ನು ಕೇಳಿದ್ದೀರಲ್ಲ, ನಾನೇ ಬರೆಯುತ್ತಿದ್ದೇನೆ. ನನ್ನ ಅಕ್ಷರ ಔಷಧದ ಚೀಟಿಯ ಥರ ಇದೆ ಅಂತ ನಗಬೇಡಿ.

ಹೋದ ವಾರ ಇವಳನ್ನು ನೋಡಲಾಗುತ್ತಿರಲಿಲ್ಲ. ದೊಡ್ಡ ದೇಶವನ್ನು ಬೀಳಿಸುವುದಕ್ಕೆ ಭೂಕಂಪ ತಂದಳು, ಸಾಂಕ್ರಾಮಿಕ ರೋಗ ತಂದಳು, ಕೊನೆಗೆ ಉಲ್ಕೆಯನ್ನೂ ತಂದಳು. ನಿಮ್ಮ ತಮ್ಮ, "ಉಲ್ಕೆ ಬಿದ್ರೆ ನಾನು ಆಡಲ್ಲ" ಅಂತ ಮುನಿಸಿಕೊಂಡು ಎದ್ದುಹೋದ. ಇವಳು ತಲೆ ಮೇಲೆ ಕೈ ಹೊತ್ತು ಕುಳಿತಳು. ಆಗ ನಾನು ಕೇಳಿದೆ: "ಅಲ್ಲ ಕಣೇ, ಆ ಹಡಗುಗಳು ಅಷ್ಟು ದೂರ ಹೋಗಿ ಅಲ್ಲೇ ಇವೆಯಲ್ಲ, ಅವರ ಮನೆಯವರನ್ನ ಯಾರಾದ್ರೂ ಕೇಳಿದಾರಾ?"

ತಲೆ ಎತ್ತಿ ನನ್ನನ್ನೇ ನೋಡಿದಳು. ಆಮೇಲೆ ಕುರ್ಚಿ ಬೀಳಿಸಿಕೊಂಡು ಎದ್ದು ನನ್ನನ್ನು ಎತ್ತಿಕೊಂಡೇಬಿಟ್ಟಳು. ನನ್ನ ಸೊಂಟ ಇನ್ನೂ ನೋಯುತ್ತಿದೆ.

ಈಗ ಒಂದೊಂದು ದೇಶಕ್ಕೂ ಎರಡು ಕುರ್ಚಿ. ಒಬ್ಬರು ಹೊರಗೆ ಹೋಗುವವರು: ಹಡಗು ಕಳಿಸಬೇಕು, ಬಿಲ್ಲೆ ಕೊಡಬೇಕು, ಹೆಸರು ಮಾಡಬೇಕು. ಇನ್ನೊಬ್ಬರು ಮನೆಯಲ್ಲಿ ಇರುವವರು. ಅವರ ಕೈಯಲ್ಲಿ ಒಪ್ಪಿಗೆಯ ಚೀಟಿಗಳು. ಹಡಗು ದೂರದಲ್ಲಿರುವ ಪ್ರತಿ ಸುತ್ತಿಗೂ ಮನೆಯವರು ಒಂದು ಚೀಟಿ ಹಾಕಬೇಕು. ಹಾಕುವಷ್ಟು ದಿನ ಆ ದೇಶ ಎಲ್ಲಿಗೆ ಬೇಕಾದರೂ ಹೋಗಬಹುದು. ಹಾಕದಿದ್ದರೆ ಹಡಗು ಎಲ್ಲಿದ್ದರೂ, ಎಷ್ಟೇ ಗೆಲ್ಲುತ್ತಿದ್ದರೂ ತಿರುಗಿ ಬರಬೇಕು. ಅಲ್ಲಿಗೆ ಆಟ ಮುಗಿಯುತ್ತದೆ. ನಾಳಿದ್ದು ಯಜಮಾನಿಗೆ ತೋರಿಸುತ್ತಾಳೆ. ಏನನ್ನುತ್ತಾರೋ ಗೊತ್ತಿಲ್ಲ.

ಆಟದ ಮಾತು ಸಾಕು. ನೀವು ಪ್ರತಿ ಸಲ ಹೊರಡುವಾಗ "ಹೋಗಲಾ?" ಅಂತ ಕೇಳಿದಿರಿ, ಪ್ರತಿ ಸಲ "ಹೋಗಿ ಬನ್ನಿ" ಅಂದೆ. ಆಗ ಮನೆಗೆ ನಿಮ್ಮ ದುಡಿಮೆ ಬೇಕಿತ್ತು, ಮನಸ್ಸಿನಿಂದಲೇ ಅಂದೆ, ಅದಕ್ಕೆ ನನಗೆ ಬೇಸರವಿಲ್ಲ. ನಿಮಗೆ ಇಲ್ಲಿ ಎಲ್ಲರೂ ಹೆದರುತ್ತಾರೆ ಅಂತ ಮಗಳು ಬರೆದಿದ್ದಾಳೆ. ನನಗೆ ಹೆದರಿಕೆಯಾಗಿದ್ದು ನಿಮ್ಮ ಹಡಗಿಗಲ್ಲ. ಅಂಚೆ ನಿಂತ ಆ ವಾರಗಳಲ್ಲಿ ನಿಮಗೇನಾದರೂ ಆಗಿದೆಯೋ ಅಂತ. ಅದನ್ನು ಆಟದ ನೆಪದಲ್ಲಿ ನುಂಗಿಕೊಂಡೆ.

ನಿಮ್ಮ ಬಳಿ ಕಾರಣ ಇಲ್ಲ ಅಂದಿರಲ್ಲ, ತೆಗೆದುಕೊಳ್ಳಿ. ಈ ಸಲ ನಾನು ಚೀಟಿ ಹಾಕುತ್ತಿಲ್ಲ.

ನಿಮ್ಮವಳು


ಸೆಪ್ಟೆಂಬರ್ ೧೫

ಅಪ್ಪಾ,

ಒಪ್ಪಿದರು! ಒಪ್ಪಿದರು! ಯಜಮಾನಿ ಹೊರಗಿನ ಕುರ್ಚಿಯಲ್ಲಿ, ಅವರ ಹಿರಿಯ ಗುಮಾಸ್ತರು ಮನೆಯ ಕುರ್ಚಿಯಲ್ಲಿ. ಯಜಮಾನಿ ಅರ್ಧ ಲೋಕ ಹಿಡಿದುಕೊಂಡು ಕೂತಿದ್ದಾಗ ಆ ಗುಮಾಸ್ತರು, ಜೀವಮಾನದಲ್ಲಿ ಅವರಿಗೆ ಎದುರಾಡದವರು, ಚೀಟಿಗಳನ್ನು ಜೇಬಿಗೆ ಹಾಕಿಕೊಂಡು, "ಸಾಕಮ್ಮ, ಬನ್ನಿ ಇನ್ನು" ಅಂದರು. ಇಡೀ ಕೋಣೆ ಚಪ್ಪಾಳೆ ಹೊಡೆಯಿತು! ಯಜಮಾನಿ ಎಲ್ಲರಿಗಿಂತ ಜೋರಾಗಿ ಹೊಡೆದರು.

ಪ್ರದರ್ಶನದಲ್ಲಿ ಬಾಗಿಲಿನ ಎದುರಿನ ಜಾಗವೇ ನಮ್ಮ ಆಟಕ್ಕೆ. ಸೋಮವಾರದಿಂದ ಹೊಸ ಮೇಜು. ಬಾತುಕೋಳಿಗಳಿಗೆ ಟಾಟಾ ಹೇಳಿ ಬಂದೆ.

ಅಮ್ಮನಿಗೆ ಹೇಳಿದಾಗ ತಬ್ಬಿಕೊಂಡು ಅತ್ತಳು. ಖುಷಿಗೆ ಅಂದುಕೊಂಡೆ. ಆಮೇಲೆ ತಾನು ನಿನಗೆ ಏನು ಬರೆದಿದ್ದೇನೆ ಅಂತ ಹೇಳಿದಳು. ಅಪ್ಪಾ, ಇಷ್ಟು ತಿಂಗಳಿಂದ ನಿನ್ನ ಕಾಗದಗಳಲ್ಲಿ ನಾನು ಹಡಗುಗಳನ್ನು ಮಾತ್ರ ಓದಿದೆ. ಅಮ್ಮ ನಿನ್ನನ್ನು ಓದುತ್ತಿದ್ದಳು. ನಿನ್ನ ಉತ್ತರ ಬರುವವರೆಗೆ ನನಗೆ ಈ ಖುಷಿಯನ್ನು ಪೂರ್ತಿ ಪಡಲು ಆಗುವುದಿಲ್ಲ. ಬೇಗ ಬರೆ.

ಪಟಾಕಿ


ಅಕ್ಟೋಬರ್ ೧

ನನ್ನ ಮನೆಯ ಇಬ್ಬರಿಗೂ,

ಕಾಗದಗಳು ಸಿಕ್ಕ ದಿನವೇ ಕಂಪನಿಯ ಕಚೇರಿಗೆ ಹೋದೆ. ದೊಡ್ಡ ಸಾಹೇಬರು ಆ ಮಗ್ಗುಲಿನ ದೇಶದವರು, ಆ ದೊಡ್ಡ ಹಡಗಿನ ದೇಶದವರೇ. ಪೆನ್ನಿನ ಮುಚ್ಚಳ ತೆಗೆದು ನನ್ನ ಕೈಗೆ ಕೊಟ್ಟರು. ನಾನು ಅದನ್ನು ಮುಚ್ಚಿ ವಾಪಸು ಕೊಟ್ಟೆ.

"ಸಂಬಳ ಸಾಲದೇ?" ಅಂದರು. ಅಲ್ಲ ಅಂದೆ. "ಬೇರೆ ಕಂಪನಿಯವರು ಕರೆದರೇ?" ಅಲ್ಲ ಅಂದೆ. "ಮತ್ತೇನು?"

"ಮನೇಲಿ ಒಪ್ಪಿಗೆ ಬೀಳಲಿಲ್ಲ," ಅಂದೆ.

ನಗುತ್ತಾರೆ ಅಂದುಕೊಂಡಿದ್ದೆ. ಅವರು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು. ಆಮೇಲೆ, "ನಮ್ಮ ಮನೆಯಲ್ಲಿ ಕೇಳುವುದನ್ನು ನಾನು ಬಿಟ್ಟು ಎಷ್ಟೋ ವರ್ಷವಾಯಿತು," ಅಂದರು. ಎದ್ದು ಬಾಗಿಲವರೆಗೆ ಬಂದು ಕಳಿಸಿಕೊಟ್ಟರು.

ಪಟಾಕಿ, ನಿನ್ನ ಗೆಲುವಿಗೆ ಇಲ್ಲಿ ಕ್ರೇನಿನ ಹಾರನ್ ಹೊಡೆಸಿದೆ. ಬಂದರಿನ ಮುಖ್ಯಸ್ಥ ಯಾವುದೋ ದೊಡ್ಡ ಹಡಗು ಬಂತೆಂದು ಓಡಿಬಂದ. ನನ್ನ ಮಗಳು ಗೆದ್ದಳು ಅಂದೆ, ಬೈಯುವುದನ್ನು ಬಿಟ್ಟು ಅಲ್ಲೇ ಸಲ್ಯೂಟ್ ಹೊಡೆದ. ನಾನೂ ತಿರುಗಿ ಒಂದು ಸಲ್ಯೂಟ್ ಹೊಡೆದೆ.

ಟಿಕೆಟ್ ತೆಗೆದುಕೊಂಡಿದ್ದೇನೆ. ಈ ತಿಂಗಳ ಕೊನೆಯ ಭಾನುವಾರದ ಆಟಕ್ಕೆ ಇರುತ್ತೇನೆ. ನನಗೆ ದೊಡ್ಡ ದೇಶ ಬೇಡ, ಹಡಗೂ ಬೇಡ. ಹಳದಿ ದೇಶದ ಗಡಿಗೆ ಅಂಟಿಕೊಂಡ ಹಾಗೆ ಒಂದು ಸಣ್ಣ ಜಾಗ ಬರೆದಿಡು, ಸಾಕು.

ಬರುತ್ತಿದ್ದೇನೆ,
ಅಪ್ಪ